ಒಂದೇ ಕಾಲು ಊದಿದೆ, ಈಗಲೇ ಆಸ್ಪತ್ರೆಗೆ ಹೋಗಬೇಕಾ? ಚಿಂತಾಮಣಿ, ಕೋಲಾರ ಕಡೆಯವರು ಹೇಳಿ

ಗೂಡುಪೇಟೆ | 2024 ಸೆಪ್ಟೆಂಬರ್ 12, ರಾತ್ರಿ 9:40

ನಮಸ್ಕಾರ. ನಾನು ಟ್ರಾನ್ಸ್ ಹೆಂಗಸು, ವಯಸ್ಸು 36. ಮೊದಲು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರ ಟೀ ಅಂಗಡಿ ಇಟ್ಟಿದ್ದೆ. ಈಗ ಚಿಂತಾಮಣಿಯಲ್ಲಿದ್ದೇನೆ. ಕೇಳುತ್ತಿರುವುದು ನನಗಲ್ಲ, ನನ್ನ ಮಗಳಿಗೆ. ಮಗಳು ಅಂದರೆ ಚೇಲಾ, ನನ್ನನ್ನು ಗುರು ಅಂತ ಒಪ್ಪಿ ಜೊತೆಗಿರುವವಳು, ಅವಳೂ ಟ್ರಾನ್ಸ್ ಹೆಂಗಸು. 23 ವರ್ಷ, ಮದನಪಲ್ಲಿಯಿಂದ ಬಂದವಳು.

ಗಣಪತಿ ಹಬ್ಬಕ್ಕೆ ನಾಲ್ಕು ದಿನ ಊರೂರು ಸುತ್ತಿ ಕಲೆಕ್ಷನ್ ಮಾಡಿದಳು. ಮಂಗಳವಾರದಿಂದ ಎಡಗಾಲು ನೋವು. ನಡೆದಿದ್ದಕ್ಕೆ ಇರಬೇಕು ಅಂತ ಸುಮ್ಮನಾದೆವು. ಇವತ್ತು ನೋಡಿದರೆ ಎಡಗಾಲಿನ ಮೀನಖಂಡ ಮಾತ್ರ ಊದಿದೆ. ಬಲಗಾಲಿನ ಗೆಜ್ಜೆ ಸಡಿಲವಾಗಿ ಆಡುತ್ತಿದೆ, ಎಡಗಾಲಿನದು ಚರ್ಮಕ್ಕೆ ಕಚ್ಚಿಕೊಂಡು ಗೆರೆ ಬಿದ್ದಿದೆ. ಕೈ ಇಟ್ಟರೆ ಬಿಸಿ. ನೀಲಗಿರಿ ಎಣ್ಣೆ ಹಚ್ಚಿ ತಿಕ್ಕಿದೆ, ಕಿರುಚಿಕೊಂಡಳು.

ಇನ್ನೊಂದು ವಿಷಯ. ಐದು ತಿಂಗಳಿಂದ ಮಾಲಾ-ಡಿ, ಅದೇ ಬಸಿರು ತಡೆಯುವ ಮಾತ್ರೆ, ತಗೊಳ್ಳುತ್ತಿದ್ದಾಳೆ. ದಿನಕ್ಕೆ ಮೂರು. ಬಿಳಿ ಮಾತ್ರೆ ನುಂಗಿ ಕಂದು ಮಾತ್ರೆ ಎಸೆಯುತ್ತಾಳೆ, ವಾರಕ್ಕೊಂದು ಪ್ಯಾಕೆಟ್ ಖಾಲಿ. ಎದೆ ಬರುತ್ತದೆ, ಮುಖ ನುಣುಪಾಗುತ್ತದೆ ಅಂತ ಯಾರೋ ಹೇಳಿಕೊಟ್ಟಿದ್ದಾರೆ. ನಾನೂ ಒಂದು ಕಾಲದಲ್ಲಿ ನುಂಗಿದವಳೇ, ಬೈಯುವ ಬಾಯಿ ನನಗಿಲ್ಲ.

ಆಸ್ಪತ್ರೆ ಅಂದರೆ ಗೋಡೆ ಕಡೆ ತಿರುಗಿ ಮಲಗುತ್ತಾಳೆ. ಜೂನ್‌ನಲ್ಲಿ ಡೆಂಗಿ ಅನುಮಾನ ಅಂತ ಒಂದು ಕಡೆ ಸೇರಿಸಿದ್ದೆ. ಹೆಂಗಸರ ವಾರ್ಡಿನವರು ಗಂಡಸರ ವಾರ್ಡಿಗೆ ಕಳಿಸಿದರು, ಅಲ್ಲಿಯವರು ವಾಪಸ್ ಕಳಿಸಿದರು. ಕೊನೆಗೆ ಎರಡರ ನಡುವಿನ ಬೆಂಚಿನ ಮೇಲೆ ಕೂರಿಸಿ, ಕಿಟಕಿ ಸರಳಿಗೆ ಬಾಟಲಿ ಕಟ್ಟಿ ಡ್ರಿಪ್ ಹಾಕಿದರು. ಕ್ಯಾಂಟೀನಿಗೆ ಹೋಗುವ ದಾರಿ ಅದು. ಹೋಗುವವರು ಒಮ್ಮೆ ನೋಡಿದರು, ಬರುವಾಗ ಇನ್ನೊಮ್ಮೆ. ಒಬ್ಬ ಮೊಬೈಲ್ ತೆಗೆದ. ಅರ್ಧ ಬಾಟಲಿಗೇ ಸೂಜಿ ಕಿತ್ತುಕೊಂಡು ಎದ್ದುಬಂದಳು. ಯಾವ ಆಸ್ಪತ್ರೆ ಅಂತ ಕೇಳಬೇಡಿ, ನಾಳೆ ಮತ್ತೆ ಅಲ್ಲೇ ಹೋಗಬೇಕಾಗಬಹುದು.

ಬೆಳಿಗ್ಗೆವರೆಗೆ ಕಾಯಬಹುದಾ?

---

ಮನೆಮದ್ದು | ರಾತ್ರಿ 9:52

ಹುಣಸೆ ಎಲೆ ಬೇಯಿಸಿ ಬಿಸಿಬಿಸಿ ಕಟ್ಟು ಕಟ್ಟಿ ಅಕ್ಕಾ. ಊತ ಇಳಿಯುತ್ತದೆ. ನಮ್ಮಜ್ಜಿ ಮಾಡುತ್ತಿದ್ದರು.

---

ನೈಟ್ ಡ್ಯೂಟಿ | ರಾತ್ರಿ 9:55

ದಯವಿಟ್ಟು ಯಾವ ಕಟ್ಟೂ ಬೇಡ. ಎಣ್ಣೆ ಹಚ್ಚಿ ತಿಕ್ಕುವುದನ್ನು ಈ ಕ್ಷಣ ನಿಲ್ಲಿಸಿ.

ನಾನು ಸ್ಟಾಫ್ ನರ್ಸ್, ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆವರೆಗೆ ಕಾಯಬೇಡಿ. ಒಂದೇ ಕಾಲು, ಬಿಸಿ, ಮುಟ್ಟಿದರೆ ನೋವು, ಜೊತೆಗೆ ಆ ಮಾತ್ರೆ. ಕಾಲಿನ ಒಳನರದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪಿನ ತುಂಡು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ತಿಕ್ಕಬಾರದು ಅಂದಿದ್ದು ಅದಕ್ಕೇ. ಉಸಿರು ಕಟ್ಟುತ್ತಿದೆಯಾ, ಎದೆ ಚುಚ್ಚುತ್ತಿದೆಯಾ ಕೇಳಿ. ಹೌದು ಅಂದರೆ ಆಟೋ ಬೇಡ, 108ಕ್ಕೆ ಫೋನ್ ಮಾಡಿ.

ಮಾಲಾ-ಡಿ ಬಿಳಿ ಮಾತ್ರೆಯಲ್ಲಿ ಇರುವುದು ಎಥಿನೈಲ್ ಎಸ್ಟ್ರಡಯಾಲ್, ಲೆವೊನಾರ್ಜೆಸ್ಟ್ರೆಲ್. ಬಸಿರು ತಡೆಯಲು ದಿನಕ್ಕೆ ಒಂದು ಅಂತ ಲೆಕ್ಕ ಹಾಕಿ ಮಾಡಿದ್ದು. ಈ ಎಥಿನೈಲ್ ಅನ್ನುವ ಬಗೆಗೆ ರಕ್ತ ಹೆಪ್ಪುಗಟ್ಟಿಸುವ ಗುಣ ಜಾಸ್ತಿ. ಅದಕ್ಕೇ ಟ್ರಾನ್ಸ್ ಹೆಂಗಸರಿಗೆ ಈಗ ಡಾಕ್ಟರುಗಳು ಅದನ್ನು ಬರೆಯುವುದಿಲ್ಲ, ಬೇರೆ ಎಸ್ಟ್ರಡಯಾಲ್ ಬರೆಯುತ್ತಾರೆ. ಅವಳು ಎಸೆಯುತ್ತಿದ್ದ ಆ ಏಳು ಕಂದು ಮಾತ್ರೆ ಬರೀ ಐರನ್. ಪಾಪ, ಪ್ಯಾಕೆಟ್ಟಿನಲ್ಲಿ ಅವಳಿಗೆ ಕೆಡುಕು ಮಾಡದ್ದು ಅದೊಂದೇ.

ಸಿಗರೇಟ್ ಸೇದುತ್ತಾಳಾ? ಸೇದುತ್ತಿದ್ದರೆ ಅದನ್ನೂ ಹೇಳಿ. ಮಾತ್ರೆ ವಿಷಯ ಮುಚ್ಚಿಡಬೇಡಿ. ಖಾಲಿ ಪ್ಯಾಕೆಟ್ ಜೊತೆಗೇ ತಗೊಂಡು ಹೋಗಿ ಡಾಕ್ಟರ ಕೈಗೆ ಕೊಡಿ. ಬಾಯಲ್ಲಿ ಹೇಳುವುದಕ್ಕಿಂತ ಅದು ಸುಲಭ.

---

ಅಂತರಗಂಗೆ | ರಾತ್ರಿ 10:03

ಅಕ್ಕಾ, ನಾನು ಕೋಲಾರ. ಟ್ರಾನ್ಸ್ ಗಂಡಸು, ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕೋಲಾರಕ್ಕೆ ಕಳಿಸಿದರೆ ಹೇಳಿ, ಗೇಟಿನಲ್ಲೇ ಇರುತ್ತೇನೆ. ಮಂಡಿ ಕೆಲಸ, ರಾತ್ರಿ ನಿದ್ದೆಗೆಡುವುದು ಅಭ್ಯಾಸ.

---

ಗೂಡುಪೇಟೆ | ರಾತ್ರಿ 10:11

ಉಸಿರು ಸರಿ ಇದೆ. ಆಟೋದವನು ನಮ್ಮವನೇ, ಬರುತ್ತಿದ್ದಾನೆ. "ಕಾಲು ಹೋದರೆ ಹೋಗಲಿ, ಆ ಬೆಂಚ್ ಮೇಲೆ ಕೂರಲ್ಲ" ಅನ್ನುತ್ತಿದ್ದಾಳೆ. ಎತ್ತಿಕೊಂಡಾದರೂ ಹೋಗುತ್ತೇನೆ.

---

ಕೌಂಟರ್ ನಂಬರ್ 3 | ರಾತ್ರಿ 11:20

ಹುಷಾರಾಗಲಿ ಅಂತ ನನ್ನದೂ ಹಾರೈಕೆ. ಆದರೆ ಒಂದು ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಬೆಂಚಿನ ಮೇಲೆ ಡ್ರಿಪ್ ಹಾಕಿಸಿಕೊಳ್ಳುವವರು ಇವರೊಬ್ಬರೇನಾ? ಡೆಂಗಿ ಸಮಯದಲ್ಲಿ ಒಂದು ಮಂಚಕ್ಕೆ ಇಬ್ಬರು ಮಲಗಿದ್ದನ್ನು ನಾನೇ ನೋಡಿದ್ದೇನೆ. ಬಡವರಿಗೆಲ್ಲ ಅದೇ ಗತಿ. ಎಲ್ಲದಕ್ಕೂ ತಾರತಮ್ಯ ಅಂದರೆ ಹೇಗೆ?

---

ಪಾವಗಡದ ಬಿಸಿಲು | ರಾತ್ರಿ 11:34

ಅಪ್ಪಾ, ಒಂದು ಮಂಚಕ್ಕೆ ಇಬ್ಬರು ಮಲಗಿದ್ದರಲ್ಲ, ಅವರಿಗೆ ಯಾವ ವಾರ್ಡಿನ ಮಂಚ ಅಂತಲಾದರೂ ಗೊತ್ತಿತ್ತಲ್ಲ. ನಮಗೆ ಮಂಚ ಖಾಲಿ ಇದ್ದರೂ ವಾರ್ಡ್ ಇರುವುದಿಲ್ಲ. ಸುಮ್ನೆ ಜಗಳಕ್ಕೆ ಹೇಳುತ್ತಿಲ್ಲ.

---

ಗೂಡುಪೇಟೆ | ಸೆಪ್ಟೆಂಬರ್ 13, ಬೆಳಗಿನ ಜಾವ 3:05

ಹೊರಗೆ ಕೂತು ಬರೆಯುತ್ತಿದ್ದೇನೆ. ಮೊದಲು ಹೋದ ಕಡೆ ಸ್ಕ್ಯಾನ್ ಮಾಡುವವರು ರಾತ್ರಿ ಇರುವುದಿಲ್ಲ ಅಂದರು. ಆದರೂ ಡ್ಯೂಟಿ ಡಾಕ್ಟರ್ ಎರಡೂ ಕಾಲಿಗೆ ಟೇಪ್ ಸುತ್ತಿ ಅಳೆದರು. ಎಡಗಾಲು ನಾಲ್ಕು ಸೆಂಟಿಮೀಟರ್ ಜಾಸ್ತಿ. ಮಾತ್ರೆ ಪ್ಯಾಕೆಟ್ ಕೈಗೆ ಕೊಟ್ಟೆ. ತಿರುಗಿಸಿ ನೋಡಿದರು. "ದಿನಕ್ಕೆ ಎಷ್ಟು?" ಅಂದರು. ಬೈಯುತ್ತಾರೆ ಅಂತ ಕಾದೆ, ಬೈಯಲಿಲ್ಲ. ಸಣ್ಣ ಹುಡುಗಿ ಡಾಕ್ಟರ್. ಹೊಟ್ಟೆಗೆ ಒಂದು ಇಂಜೆಕ್ಷನ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಇಲ್ಲಿ ಕೋಲಾರದಲ್ಲಿ ಅಂತರಗಂಗೆ ತಮ್ಮ ಗೇಟಿನಲ್ಲೇ ನಿಂತಿದ್ದ, ನಿಂತು ಎಷ್ಟು ಹೊತ್ತಾಗಿತ್ತೋ.

ಕೌಂಟರ್‌ನಲ್ಲಿ ಮಾತ್ರ ಮತ್ತೆ ಅದೇ. ಆಧಾರ್ ಪ್ರಕಾರ ಚೀಟಿಯಲ್ಲಿ ಹಳೆ ಹೆಸರು, ಲಿಂಗ ಗಂಡು. ಆ ಹೆಸರನ್ನು ಹಾಲಿನ ತುಂಬ ಕೇಳುವ ಹಾಗೆ ಕೂಗಿದರು. ಉದ್ದ ಕೂದಲು, ನೈಟಿ, ಕೈಯಲ್ಲಿ ಬಳೆ. ಅವಳು ಏಳಲಿಲ್ಲ. ಎರಡನೇ ಸಲ ಕೂಗಿದರು, ಆಗಲೂ ಏಳಲಿಲ್ಲ. ಮೂರನೇ ಸಲಕ್ಕೆ ತಮ್ಮನೇ ಎದ್ದು "ನಾನೇ" ಅಂತ ಹೋಗಿ ಚೀಟಿ ಇಸಕೊಂಡು ಬಂದ. ಈ ಹೊತ್ತಿನಲ್ಲೂ ನಗು ಬಂತು ನನಗೆ.

---

ಅಂತರಗಂಗೆ | ಬೆಳಗಿನ ಜಾವ 3:20

ಚೀಟಿಯಲ್ಲಿ ಗಂಡು ಅಂತ ಇತ್ತು, ನಾನು ಗಂಡು. ಏನು ತಪ್ಪು?

---

ಗೂಡುಪೇಟೆ | ಮಧ್ಯಾಹ್ನ 1:30

ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಆಯಿತು. ನರ್ಸ್ ಅಕ್ಕ ಹೇಳಿದ್ದೇ ನಿಜ. ಮೊಣಕಾಲಿನ ಹಿಂದಿನವರೆಗೂ ಹೆಪ್ಪು ಇದೆಯಂತೆ. ಶ್ವಾಸಕೋಶಕ್ಕೆ ಹೋಗಿಲ್ಲ. ರಕ್ತ ತೆಳು ಮಾಡುವ ಇಂಜೆಕ್ಷನ್ ಶುರು, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ವಾರ್ಡ್ ಗಲಾಟೆ ಒಂದು ಗಂಟೆ ನಡೆಯಿತು. ಕೊನೆಗೆ ಹೆಂಗಸರ ವಾರ್ಡಿನ ತುದಿಯ ಮಂಚ. ಪಕ್ಕದ ಮಂಚದ ಅಜ್ಜಿ ಶ್ರೀನಿವಾಸಪುರದವರು, ಸೊಸೆ ತಂದ ಮುದ್ದೆ ಬಸ್ಸಾರಿನಲ್ಲಿ ಅರ್ಧ ಇವಳಿಗೆ ಕೊಟ್ಟರು. "ನೀನು ಮದುವೆಗಳಿಗೆ ಬರ್ತೀಯಲ್ಲಮ್ಮ, ಆಶೀರ್ವಾದ ಮಾಡೋಳು" ಅಂದರಂತೆ.

---

ನೈಟ್ ಡ್ಯೂಟಿ | ಮಧ್ಯಾಹ್ನ 2:10

ಸದ್ಯ! ಈಗ ಬೈಯುತ್ತೇನೆ, ಅವಳಿಗಲ್ಲ, ನಮ್ಮವರಿಗೆ. ಹನ್ನೊಂದು ವರ್ಷದಲ್ಲಿ ನಮಗೆ ತೋಳು ಮುಟ್ಟುವ ಮೊದಲು ಕೈ ತೊಳೆಯುವುದರ ಮೇಲೆ ಎಷ್ಟೋ ತರಬೇತಿ ಆಗಿದೆ. ಟ್ರಾನ್ಸ್ ರೋಗಿ ಬಂದರೆ ಏನು ಕೇಳಬೇಕು ಅಂತ ಒಂದು ಗಂಟೆಯ ಪಾಠ ನನಗಂತೂ ಯಾರೂ ಮಾಡಿಲ್ಲ. ನರ್ಸಿಂಗ್ ಓದುವಾಗಲೂ ಇರಲಿಲ್ಲ. ನಾನು ಕಲಿತಿದ್ದು ಒಬ್ಬ ರೋಗಿಯಿಂದ. ಮೂತ್ರಕ್ಕೆ ಕ್ಯಾತಿಟರ್ ನಳಿಕೆ ಹಾಕಬೇಕಿತ್ತು, ನಾನು ಗಾಬರಿಯಾಗಿ ನಿಂತಿದ್ದೆ. ಅವರೇ "ನನಗೆ ನಿರ್ವಾಣ ಆಗಿದೆ ಸಿಸ್ಟರ್, ದಾರಿ ಸಣ್ಣದಿದೆ, ಮಕ್ಕಳ ಸೈಜಿನದು ತನ್ನಿ" ಅಂದರು. ನಿರ್ವಾಣ ಅಂದರೆ ಗಂಡಸಿನ ಜನನಾಂಗ ತೆಗೆಸುವುದು.

---

ಪಾವಗಡದ ಬಿಸಿಲು | ಮಧ್ಯಾಹ್ನ 3:45

ಆ ಸಣ್ಣ ದಾರಿ ವಿಷಯ ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ 58. ನಿರ್ವಾಣ ಆದಾಗ 19. ಆಸ್ಪತ್ರೆ ಅಲ್ಲ, ಡಾಕ್ಟರ್ ಅಲ್ಲ. ನಮ್ಮಲ್ಲೇ ಒಬ್ಬ ದಾಯಮ್ಮ. ಹೆಚ್ಚು ಹೇಳಲ್ಲ, ಸಣ್ಣ ಮಕ್ಕಳೂ ಓದುತ್ತಿರುತ್ತೀರಿ. ಬದುಕಿದೆ. ನನ್ನ ಜೊತೆ ಕೂತವಳು ಬದುಕಲಿಲ್ಲ. 40 ದಿನ ಆದಮೇಲೆ ಅರಿಶಿನ, ಹೊಸ ಸೀರೆ, ಜಲ್ಸಾ. ಆ ದಿನದ ಸಂತೋಷ ಈಗಲೂ ಸುಳ್ಳಲ್ಲ.

ಆದರೆ ಮೂತ್ರ ಸೂಜಿಯಷ್ಟು ಸಣ್ಣಗೆ ಬರುತ್ತದೆ. ಗಾಯ ಮಾಯುವಾಗ ಬಾಯಿ ಮುಚ್ಚಿಕೊಂಡಿದ್ದು. ಒಂದು ಸಲ ಹೋಗಲು ಹತ್ತು ನಿಮಿಷ. ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ ಹತ್ತು ನಿಮಿಷ ಕೂತರೆ ಬಾಗಿಲು ಬಡಿಯುತ್ತಾರೆ. ಹಾಗಾಗಿ ನೀರೇ ಕುಡಿಯದೆ ದಿನ ಕಳೆದೆ. ಪಾವಗಡದ ಬಿಸಿಲಿನಲ್ಲಿ! ಅದರಿಂದ ಕಲ್ಲಾಯಿತು. ಕಲ್ಲು ತೆಗೆಯಲು ಹೋದಾಗ ಬೆಂಗಳೂರಿನ ಒಬ್ಬ ಯೂರಾಲಜಿ ಡಾಕ್ಟರ್ ಹೇಳಿದರು, ಇದನ್ನು ಅಗಲ ಮಾಡಬಹುದಿತ್ತು, ಸಣ್ಣ ಕೆಲಸ, ಯಾಕೆ ಇಷ್ಟು ವರ್ಷ ಬರಲಿಲ್ಲ ಅಂತ. ಸೀರೆ ಎತ್ತಿ ತೋರಿಸಬೇಕಲ್ಲ ಸ್ವಾಮಿ ಅಂದೆ. ಅವರು ಸುಮ್ಮನಾದರು.

ಇನ್ನು ಮೂಳೆ. ಸೊಂಟ, ಬೆನ್ನು, ಮಂಡಿ ಎಲ್ಲ ನೋವು. ಯಾರಿಗೆ ತೋರಿಸಿದರೂ ಒಂದೇ ಮಾತು. "ನಿಮ್ಮ ತಾಲ್ಲೂಕಿನ ನೀರಲ್ಲಿ ಫ್ಲೋರೈಡ್, ಎಲ್ಲರಿಗೂ ಇದೇ." ನಿಜ, ನಮ್ಮಲ್ಲಿ ಹಲ್ಲು ನೋಡಿದರೇ ಗೊತ್ತಾಗುತ್ತದೆ. ಆದರೆ ಕಾಲು ಜಾರಿ ಅಂಗಳದಲ್ಲಿ ಬಿದ್ದಿದ್ದಕ್ಕೆ ಮಣಿಕಟ್ಟು ಮುರಿಯಿತು. ಆಗ ಆ ಬೆಂಗಳೂರು ಡಾಕ್ಟರೇ ಇನ್ನೊಬ್ಬರ ಹತ್ತಿರ ಕಳಿಸಿದರು. ಅವರು ಕೇಳಿದ್ದು "ನಿರ್ವಾಣ ಆದಮೇಲೆ ಹಾರ್ಮೋನ್ ತಗೊಂಡಿದ್ದೀರಾ?" ಅಂತ. ಇಲ್ಲ. 39 ವರ್ಷ ಇಲ್ಲ. ಗಂಡಸಿನ ಹಾರ್ಮೋನೂ ಇಲ್ಲ, ಹೆಂಗಸಿನದೂ ಇಲ್ಲ. ಮುಟ್ಟು ನಿಂತ ಹೆಂಗಸರ ಮೂಳೆ ಸವೆಯುವ ಹಾಗೆ ನನ್ನದು ಇಪ್ಪತ್ತನೇ ವಯಸ್ಸಿನಿಂದಲೇ ಸವೆಯುತ್ತಾ ಬಂದಿದೆಯಂತೆ. ನೀರಿನ ಮೇಲೆ ಹಾಕಿ ಎಲ್ಲರೂ ಕೈ ತೊಳೆದುಕೊಂಡಿದ್ದರು. ನನಗೂ ಯಾರಾದರೂ ಮೊದಲೇ ಈ ಪ್ರಶ್ನೆ ಕೇಳಿದ್ದರೆ ಅಂತ ಅನ್ನಿಸುತ್ತದೆ.

---

ನೈಟ್ ಡ್ಯೂಟಿ | ಸಂಜೆ 5:00

ಅಮ್ಮಾ, ಓದಿ ಕಣ್ಣು ತುಂಬಿತು. ನಿರ್ವಾಣ ಆದವರಿಗೆ ಇನ್ನೊಂದು ಸೇರಿಸುತ್ತೇನೆ. ಗಂಡು ದೇಹದಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಒಳಗೇ ಉಳಿದಿರುತ್ತದೆ. ವಯಸ್ಸಾದ ಮೇಲೆ ಮೂತ್ರದ ತೊಂದರೆ ಬಂದರೆ ಅದನ್ನೂ ನೋಡಬೇಕು. ಹೆಂಗಸು ಅಂತ ಬರೆದ ಚೀಟಿ ನೋಡಿ ಯಾರಿಗೂ ಅದು ಹೊಳೆಯುವುದಿಲ್ಲ.

---

ಅಂತರಗಂಗೆ | ಸಂಜೆ 6:25

ನನ್ನದು ಇದರ ಉಲ್ಟಾ. ಗರ್ಭಕೋಶ ಇದೆ, ಗಡ್ಡವೂ ಇದೆ. ಕಿಬ್ಬೊಟ್ಟೆ ನೋವು ಅಂತ ಹೆರಿಗೆ-ಸ್ತ್ರೀರೋಗ ವಿಭಾಗದ ಸಾಲಿನಲ್ಲಿ ನಿಂತೆ. ಹಿಂದೆ ಮುಂದೆ ಬಸಿರಿಯರು. ಆಯಾ ಬಂದು "ಪೇಷೆಂಟ್ ಎಲ್ಲಪ್ಪಾ, ಹೆಂಡತೀನ ಕರ್ಕೊಂಡು ಬಾ" ಅಂದರು. "ನಾನೇ" ಅಂದೆ. ಹೋಗಿ ಸೆಕ್ಯೂರಿಟಿಯವರನ್ನು ಕರೆತಂದರು.

ಮೊದಮೊದಲು ಇಂಜೆಕ್ಷನ್ ನಾನೇ ಚುಚ್ಚಿಕೊಳ್ಳುತ್ತಿದ್ದೆ. ಜಿಮ್ ಹುಡುಗರು ತಂದುಕೊಡುತ್ತಿದ್ದರು. ತಲೆನೋವು, ಮುಖವೆಲ್ಲ ಕೆಂಪು. ಟೆಸ್ಟೊಸ್ಟಿರಾನ್ ಜಾಸ್ತಿಯಾದರೆ ರಕ್ತ ಗಟ್ಟಿಯಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಹಿಮೋಗ್ಲೋಬಿನ್ 18 ದಾಟಿತ್ತು. ಈಗ ಬೆಂಗಳೂರಿನಲ್ಲಿ ಹಾರ್ಮೋನ್ ನೋಡುವ ಎಂಡೊಕ್ರೈನ್ ಡಾಕ್ಟರ್ ಹತ್ತಿರ ಹೋಗುತ್ತೇನೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಈಗ ಆರು ತಿಂಗಳಿಗೊಮ್ಮೆ. ಔಷಧದ ಖರ್ಚಿಗಿಂತ ಜಾಸ್ತಿ ಆಗುವುದು ಒಂದು ದಿನದ ಕೂಲಿ, ಬಸ್ಸು, ಊಟ. ಮಂಡಿಯಲ್ಲಿ ಸೀಸನ್ ಇದ್ದಾಗ ರಜೆ ಕೇಳಿದರೆ ಕೆಲಸವೇ ಹೋಗುತ್ತದೆ.

ಮನೆಯವರು ಆರಂಭದಲ್ಲಿ ನನ್ನನ್ನು "ಸರಿ ಮಾಡಿಸಲು" ಒಬ್ಬರ ಹತ್ತಿರ ಕರೆದುಕೊಂಡು ಹೋಗಿದ್ದರು. ಬೋರ್ಡಿನಲ್ಲಿ ಡಾಕ್ಟರ್ ಅಂತಲೇ ಇತ್ತು. ನಿದ್ದೆ ಮಾತ್ರೆ ಕೊಟ್ಟು ಮದುವೆ ಮಾಡಿ ಅಂದರು. ಹಾಗೆ ಯಾರಾದರೂ ಇನ್ನೂ ಮಾಡುತ್ತಿದ್ದರೆ ಗೊತ್ತಿರಲಿ. ಮದ್ರಾಸ್ ಹೈಕೋರ್ಟಿನ 2021ರ ಆದೇಶದ ಮುಂದುವರಿಕೆಯಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇದನ್ನು ವೃತ್ತಿ ದುರ್ನಡತೆ ಅಂತ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದೆ. ಆದರೂ ಮನಸ್ಸು ಕುಸಿದಾಗ ಮಾತಾಡಲು ಯಾರಾದರೂ ಬೇಕು, ಅದು ಬೇರೆ ಮಾತು. ನಾನು ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿದ್ದೆ. ಕನ್ನಡದಲ್ಲೇ ಮಾತಾಡಿದರು. ಬೆಳಗಾಯಿತು.

---

ಮೆಡಿಕಲ್ ಅಂಗಡಿಯವನು | ರಾತ್ರಿ 8:15

ಓದುತ್ತಾ ತಪ್ಪಿತಸ್ಥ ಅನ್ನಿಸಿತು. ನನ್ನ ಅಂಗಡಿಗೂ ಬರುತ್ತಾರೆ. ಎಸ್ಟ್ರಡಯಾಲ್ ಕೇಳಿದರೆ ಚೀಟಿ ಇಲ್ಲದೆ ಕೊಡಲ್ಲ ಅಂತ ವಾಪಸ್ ಕಳಿಸುತ್ತೇನೆ, ನಿಯಮ. ಅದೇ ಜನ ಮಾಲಾ-ಡಿ ಕೇಳಿದರೆ ಪ್ರಶ್ನೆಯೇ ಇಲ್ಲ, ಎಷ್ಟು ಬೇಕಾದರೂ ಕೊಡುತ್ತೇನೆ. ಅಂದರೆ ಸ್ವಲ್ಪ ವಾಸಿ ಇರುವ ಔಷಧಕ್ಕೆ ಬಾಗಿಲು ಮುಚ್ಚಿ, ಅಪಾಯದ್ದಕ್ಕೆ ತೆರೆದು ಕೂತಿದ್ದೇನೆ. ಗಂಡ ಬಂದು ಹೆಂಡತಿಗೆ ಅಂತ ಕೇಳುತ್ತಾನೆ, ಇವರೂ ಕೇಳುತ್ತಾರೆ. ವಾರಕ್ಕೊಂದು ಪ್ಯಾಕೆಟ್ ಒಬ್ಬರೇ ಒಯ್ಯುತ್ತಿದ್ದರೆ ಇನ್ನು ಮುಂದೆ ಕೇಳುತ್ತೇನೆ.

---

ಗೂಡುಪೇಟೆ | ರಾತ್ರಿ 9:00

ಕೇಳಿ ಅಣ್ಣ, ಆದರೆ ನಾಲ್ಕು ಜನರ ಮುಂದೆ ಕೇಳಬೇಡಿ. ಕೇಳಿದರೆ ಮುಂದಿನ ವಾರ ಬೇರೆ ಅಂಗಡಿಗೆ ಹೋಗುತ್ತಾರೆ ಅಷ್ಟೆ.

---

ಅರ್ಜಿ ನಮೂನೆ | ಸೆಪ್ಟೆಂಬರ್ 14, ಬೆಳಿಗ್ಗೆ 10:30

ನಾನು ತುಮಕೂರು. ಕಾನೂನು ನೆರವಿನ ಸ್ವಯಂಸೇವಕಿ, ಸಮುದಾಯದವರ ಅರ್ಜಿ ತುಂಬಿಕೊಡುತ್ತೇನೆ. ಆಸ್ಪತ್ರೆ ಬಿಲ್ಲಿನ ವಿಷಯ ಯಾರೂ ಎತ್ತಿಲ್ಲ, ಅದು ಬಂದೇ ಬರುತ್ತದೆ.

ಮದನಪಲ್ಲಿ ಆಧಾರ್ ಅಂದಿರಿ. ಮೊದಲ ಗಂಟು ಅದೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ಕುಟುಂಬ ಅಂದರೆ ರೇಷನ್ ಕಾರ್ಡ್. ಮನೆಯಿಂದ ಹೊರಹಾಕಿದವರ ಹೆಸರು ಅಪ್ಪನ ಕಾರ್ಡಿನಲ್ಲೇ ಉಳಿದಿರುತ್ತದೆ, ಇಲ್ಲ ತೆಗೆಸಿಬಿಟ್ಟಿರುತ್ತಾರೆ. ಗುರು-ಚೇಲಾ ಒಂದೇ ಮನೆಯಲ್ಲಿ ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಉಂಡರೂ ಸರ್ಕಾರಿ ಲೆಕ್ಕದಲ್ಲಿ ಕುಟುಂಬ ಅಲ್ಲ. ನನ್ನ ಅರ್ಧ ದಿನ ಇದರಲ್ಲೇ ಹೋಗುತ್ತದೆ.

ಲಿಂಗತ್ವ ಅಲ್ಪಸಂಖ್ಯಾತರಿಗೇ ಅಂತ ಆಯುಷ್ಮಾನ್ ಟಿಜಿ ಪ್ಲಸ್ ಒಪ್ಪಂದ 2022ರ ಆಗಸ್ಟ್‌ನಲ್ಲಿ ಆಯಿತು. ವರ್ಷಕ್ಕೆ 5 ಲಕ್ಷ, ಹಾರ್ಮೋನ್, ಶಸ್ತ್ರಚಿಕಿತ್ಸೆ ಸೇರಿ. ನಾನು ಅರ್ಜಿ ಬರೆದುಕೊಟ್ಟವರಲ್ಲಿ ಒಬ್ಬರ ಕೈಗೂ ಆ ಕಾರ್ಡ್ ಬಂದಿಲ್ಲ. ಪಕ್ಕದ ತಮಿಳುನಾಡು 2008ರಲ್ಲೇ ಟ್ರಾನ್ಸ್ ಜನರಿಗೆ ಕಲ್ಯಾಣ ಮಂಡಳಿ ಮಾಡಿ ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಶಸ್ತ್ರಚಿಕಿತ್ಸೆ ಶುರು ಮಾಡಿತು. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಚೆನ್ನೈ, ಆದರೆ ಅವರ ರಾಜ್ಯದ ಸವಲತ್ತು ನಮಗೆ ಸಿಗಬೇಕಲ್ಲ.

ಈಗ ಮಾಡಬಹುದಾದ್ದು. ಟ್ರಾನ್ಸ್ ಜನರ ಹಕ್ಕುಗಳ 2019ರ ಕಾಯ್ದೆ ಪ್ರಕಾರ ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ, ಜೊತೆಗೆ ಅಫಿಡವಿಟ್. 2024ರಲ್ಲಿ ಇರುವ ನಿಯಮದ ಪ್ರಕಾರ ಯಾವ ದೇಹ ಪರೀಕ್ಷೆಯೂ ಬೇಕಿಲ್ಲ. ಯಾರಾದರೂ "ಡಾಕ್ಟರ್ ಸರ್ಟಿಫಿಕೇಟ್ ತನ್ನಿ" ಅಂದರೆ ನಿಯಮ ತೋರಿಸಿ. 30 ದಿನದಲ್ಲಿ ಕೊಡಬೇಕು. ಆ ಜಿಲ್ಲೆಯಲ್ಲಿ 12 ತಿಂಗಳಿಂದ ವಾಸ ಇರಬೇಕು. ನಿಮ್ಮ ಮಗಳು ಬಂದು ಎಷ್ಟು ದಿನ ಆಯಿತು? ಅದು ಕೈಗೆ ಬಂದರೆ ಆಧಾರ್‌ನಲ್ಲಿ ಹೆಸರು, ಲಿಂಗ, ವಿಳಾಸ ಒಂದೊಂದಾಗಿ ಬದಲಾಯಿಸಬಹುದು. ಆಮೇಲೆ ಶಕ್ತಿ ಯೋಜನೆಯ ಬಸ್ಸೂ ಉಚಿತ.

ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡದೆ ಕಳಿಸುವುದು ಈ ಕಾಯ್ದೆಯ 3ನೇ ಕಲಂ ಪ್ರಕಾರ ನಿಷಿದ್ಧ. 15ನೇ ಕಲಂನಲ್ಲಿ ಹಾರ್ಮೋನ್ ಚಿಕಿತ್ಸೆ, ಕೌನ್ಸೆಲಿಂಗ್, ವಿಮೆ, ವೈದ್ಯಕೀಯ ಪಠ್ಯ ಸರಿಪಡಿಸುವುದು ಎಲ್ಲ ಸರ್ಕಾರದ ಜವಾಬ್ದಾರಿ ಅಂತ ಬರೆದಿದೆ. ಆಸ್ಪತ್ರೆಗಳಲ್ಲಿ ಚಿಕಿತ್ಸೆ ಸಿಗುವ ಹಾಗೆ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದೇ ಹೇಳಿತ್ತು. ಓದಲು ಚೆನ್ನಾಗಿದೆ. ನಾನು ಲ್ಯಾಮಿನೇಷನ್ ಮಾಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ, ಕೆಲವೊಮ್ಮೆ ಕೆಲಸ ಮಾಡುತ್ತದೆ.

---

ಗೂಡುಪೇಟೆ | ಬೆಳಿಗ್ಗೆ 11:15

ಬಂದು ಹದಿನಾಲ್ಕು ತಿಂಗಳಾಯಿತು. ಆದರೆ ತೋರಿಸಲು ಒಂದು ಕಾಗದ ಇಲ್ಲ. ಬಾಡಿಗೆ ಮನೆ ಕರಾರು ನನ್ನ ಹೆಸರಿನಲ್ಲೂ ಇಲ್ಲ. ನಮಗೆ ಅಂತ ಬರೆದುಕೊಡುವ ಓನರ್ ಸಿಕ್ಕಿದ್ದರೆ ಅದೇ ಹಬ್ಬ.

ಇನ್ನೊಂದು ಹೇಳಲೇಬೇಕು. ನಿನ್ನೆ ರೌಂಡ್ಸಿಗೆ ಬಂದವರು ಫೈಲ್ ತೆರೆಯುವ ಮೊದಲೇ "ಎಚ್‌ಐವಿ ಟೆಸ್ಟ್ ಆಗಿದೆಯಾ?" ಅಂದರು, ಅಜ್ಜಿಯ ಮುಂದೆಯೇ. ಕಾಲು ಊದಿ ಬಂದವಳಿಗೆ. ಹಲ್ಲು ನೋವು ಅಂತ ಹೋದರೂ ಇದೇ ಪ್ರಶ್ನೆ.

---

ನೈಟ್ ಡ್ಯೂಟಿ | ಮಧ್ಯಾಹ್ನ 12:40

ಇದು ನನಗೂ ಸಿಟ್ಟು ಬರಿಸುವ ವಿಷಯ. ಅಪಾಯ ನಿಜ, ಅದನ್ನು ಸುಳ್ಳು ಅನ್ನುವುದಿಲ್ಲ. 2021ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹಿಜ್ರಾ ಮತ್ತು ಟ್ರಾನ್ಸ್ ಸಮುದಾಯದಲ್ಲಿ ಎಚ್‌ಐವಿ ಪ್ರಮಾಣ ಶೇಕಡ 3.78 ಇತ್ತು, ದೇಶದ ವಯಸ್ಕರ ಸರಾಸರಿಗಿಂತ ಹತ್ತಾರು ಪಟ್ಟು ಜಾಸ್ತಿ. ಆದರೆ ಲೆಕ್ಕ ತಿರುಗಿಸಿ ನೋಡಿ, ನೂರರಲ್ಲಿ 96 ಜನಕ್ಕೆ ಇಲ್ಲ. ಇದ್ದವರಿಗೂ ವೈರಸ್ ಹತ್ತಿಕ್ಕುವ ಔಷಧ ಎಆರ್‌ಟಿ ಉಚಿತ, ದಿನಾ ಮಾತ್ರೆ ತಗೊಂಡು ವೈರಸ್ ಲೆಕ್ಕಕ್ಕೆ ಸಿಗದಷ್ಟು ಇಳಿದರೆ ಇನ್ನೊಬ್ಬರಿಗೆ ಹರಡುವುದಿಲ್ಲ. ಟೆಸ್ಟಿಗೆ ಒಪ್ಪಿಗೆ ಕೇಳಬೇಕು, ಫಲಿತಾಂಶ ಗುಟ್ಟಾಗಿಡಬೇಕು ಅಂತ 2017ರ ಎಚ್‌ಐವಿ ಕಾಯ್ದೆಯೇ ಇದೆ. ಅಜ್ಜಿಯ ಮುಂದೆ ಕೇಳುವ ಹಾಗಿಲ್ಲ.

---

ಪಾವಗಡದ ಬಿಸಿಲು | ಮಧ್ಯಾಹ್ನ 1:20

ಒಂದು ನಿಜ ಹೇಳುತ್ತೇನೆ. ಎಚ್‌ಐವಿ ಕಾರ್ಯಕ್ರಮ ಇಲ್ಲದಿದ್ದರೆ ನಮ್ಮನ್ನು ಆಸ್ಪತ್ರೆಯೊಳಗೆ ಯಾರೂ ಬಿಡುತ್ತಿರಲಿಲ್ಲ. "ಕೂತ್ಕೊಳ್ಳಮ್ಮ" ಅಂತ ಕುರ್ಚಿ ಕೊಟ್ಟಿದ್ದು ಮೊದಲು ಆ ಐಸಿಟಿಸಿ, ಅಂದರೆ ಎಚ್‌ಐವಿ ಸಲಹೆ-ಪರೀಕ್ಷೆ ಕೇಂದ್ರದ ಕೌನ್ಸೆಲರೇ. ಈಗಲೂ ಬಿಪಿ ನೋಡಿಸಲು ನಾನು ಅವರ ರೂಮಿಗೇ ಹೋಗುತ್ತೇನೆ. ಆ ರೂಮಿನಿಂದ ಆಚೆ ನಮಗೆ ಬಿಪಿ, ಶುಗರ್, ಕಣ್ಣಿನ ಪೊರೆ ಯಾವುದೂ ಬರುವುದಿಲ್ಲ ಅಂದುಕೊಂಡಿದ್ದಾರೆ.

---

ಕೌಂಟರ್ ನಂಬರ್ 3 | ಸೆಪ್ಟೆಂಬರ್ 15, ಬೆಳಿಗ್ಗೆ 8:50

ಮೊನ್ನೆ ಬರೆದವನು ನಾನೇ. ಹೆಸರು ನೋಡಿ ಯಾರಿಗೂ ಹೊಳೆಯಲಿಲ್ಲ ಅನ್ನಿಸುತ್ತದೆ. ನಾನು ಚೀಟಿ ಕೌಂಟರಿನಲ್ಲೇ ಕೂರುವವನು, ಹೊರಗುತ್ತಿಗೆ. ಯಾವ ಆಸ್ಪತ್ರೆ ಅಂತ ನಾನೂ ಹೇಳುವುದಿಲ್ಲ. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ತಲೆ ಎತ್ತಲು ಸಮಯ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಗಂಡು, ಹೆಣ್ಣು, ಇತರೆ ಅಂತ ಮೂರು ಇದೆ. ಒಮ್ಮೆ ಇತರೆ ಒತ್ತಿದೆ. ಆ ಚೀಟಿ ಹಿಡಿದವರನ್ನು ಯಾವ ಒಪಿಡಿಯವರೂ ಒಳಗೆ ಬಿಡಲಿಲ್ಲ, ಮುಕ್ಕಾಲು ಗಂಟೆ ಆದಮೇಲೆ ನನ್ನ ಹತ್ತಿರವೇ ವಾಪಸ್ ಬಂದು ಕೂಗಾಡಿದರು. ಆಮೇಲಿಂದ ಆಧಾರ್‌ನಲ್ಲಿ ಇದ್ದದ್ದನ್ನೇ ಒತ್ತುತ್ತೇನೆ. ನನಗೆ ಯಾರೂ ಏನೂ ಹೇಳಿಕೊಟ್ಟಿಲ್ಲ.

ಎಲ್ಲರಿಗೂ ಕಷ್ಟ ಇದೆ ಅಂದಿದ್ದೆ. ಆ ಮಾತು ಈಗಲೂ ಹಿಂದೆ ತಗೊಳ್ಳುವುದಿಲ್ಲ. ಆದರೆ ಹೆಸರು ಕೂಗುವ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಚೀಟಿಯಲ್ಲಿ ಟೋಕನ್ ನಂಬರ್ ಇದ್ದೇ ಇರುತ್ತದೆ. ನಿನ್ನೆಯಿಂದ ಎಲ್ಲರಿಗೂ ನಂಬರ್ ಕೂಗುತ್ತಿದ್ದೇನೆ. ಒಬ್ಬ ಮುದುಕಪ್ಪ ಬೈದ, ನನಗೆ ಹೆಸರಿಲ್ಲವಾ ಅಂತ.

---

ಅಂತರಗಂಗೆ | ಬೆಳಿಗ್ಗೆ 9:10

ಬೈಸಿಕೊಳ್ಳಿ ಅಣ್ಣ, ನಾವು ಬೈಸಿಕೊಂಡಿಲ್ಲವಾ.

---

ಗೂಡುಪೇಟೆ | ಸೆಪ್ಟೆಂಬರ್ 18, ಸಂಜೆ 7:30

ಇವತ್ತು ಡಿಸ್ಚಾರ್ಜ್. ಊತ ಅರ್ಧ ಇಳಿದಿದೆ. ಗೆಜ್ಜೆ ಕತ್ತರಿಸಿ ತೆಗೆದಿದ್ದರು, ಜೋಡಿಯಲ್ಲಿ ಒಂದು ಹೋಯಿತು ಅಂತ ಅದಕ್ಕೆ ಅತ್ತಳು, ಹೆಪ್ಪಿಗೆ ಅಳಲಿಲ್ಲ. ಮಾಲಾ-ಡಿ ನಿಲ್ಲಿಸಿದ್ದಾಳೆ. ಕನ್ನಡಿ ಮುಂದೆ ನಿಂತು "ಎದೆ ಹೋಗುತ್ತಾ ಅಮ್ಮ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಡಾಕ್ಟರ್ ಬೆಂಗಳೂರಿನ ಎಂಡೊಕ್ರೈನ್ ವಿಭಾಗಕ್ಕೆ ಚೀಟಿ ಕೊಟ್ಟಿದ್ದಾರೆ. ಹೆಪ್ಪು ಆದವರಿಗೂ ಚರ್ಮಕ್ಕೆ ಹಚ್ಚುವ ಬಗೆಯ ಹಾರ್ಮೋನ್ ಕೊಡಬಹುದಾ ಅಂತ ಅವರು ನೋಡಿ ಹೇಳುತ್ತಾರಂತೆ. ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಅವಳ ನಿಜ ಹೆಸರೂ ಬರೆದಿದ್ದಾರೆ, ಪಕ್ಕದಲ್ಲಿ "ಹೀಗೆ ಕರೆಯಿರಿ" ಅಂತ.

24ನೇ ತಾರೀಖು ಮಂಗಳವಾರ ಹೋಗಬೇಕು. ನನಗೆ ಬಸ್ ಫ್ರೀ, ಅವಳಿಗೆ ಟಿಕೆಟ್. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಆ ವಿಭಾಗ ಯಾವ ಕಟ್ಟಡ, ಎಷ್ಟನೇ ಮಹಡಿ, ಏನೂ ಗೊತ್ತಿಲ್ಲ.

---

ಅಂತರಗಂಗೆ | ಸಂಜೆ 7:42

ಮಂಗಳವಾರ ನನ್ನದೂ ರಕ್ತ ಪರೀಕ್ಷೆ ಇದೆ. ದಾರಿಯಲ್ಲಿ ಒಂದು ಗಂಟೆಗೊಮ್ಮೆಯಾದರೂ ಅವಳನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ, ಕಾಲು ಮಡಚಿ ಕೂರಬಾರದು. ನೀವು ಹೊಸಕೋಟೆ ದಾಟಿದಾಗ ಫೋನ್ ಮಾಡಿ, ನಾನು ಮೆಜೆಸ್ಟಿಕ್‌ನಲ್ಲಿ ಕಾಯುತ್ತಿರುತ್ತೇನೆ. ಹಳೆ ಚೀಟಿ, ಸ್ಕ್ಯಾನ್, ಆಧಾರ್ ಜೆರಾಕ್ಸ್ ಮೂರು ಪ್ರತಿ. ಪೆನ್ನು ತನ್ನಿ, ಅಲ್ಲಿ ಯಾರೂ ಕೊಡಲ್ಲ.

---

ಗೂಡುಪೇಟೆ | ಸಂಜೆ 7:50

ಚಿತ್ರಾನ್ನ ಕಟ್ಟಿಕೊಂಡು ಬರುತ್ತೇನೆ, ನಾಲ್ಕು ಜನಕ್ಕೆ ಆಗುವಷ್ಟು. ಪಾವಗಡದಮ್ಮ, ನೀವೂ ಅದೇ ದಿನ ಬಂದು ಆ ಮೂಳೆ ಡಾಕ್ಟರಿಗೆ ತೋರಿಸಬಹುದಲ್ಲ?

---

ಪಾವಗಡದ ಬಿಸಿಲು | ರಾತ್ರಿ 8:30

ಬರುತ್ತೇನೆ. ಕಡಲೆಬೀಜ ಜಾಸ್ತಿ ಹಾಕು.